ಕ್ಯಾಲ್ಕುಲೇಟರ್ ಯಾರದು?

ನಾನು ಎರಡನೇ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಈ ಸಂಚಿಕೆಗೆ ಬ್ಯಾಕ್ಟೀರಿಯಾ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಕನ್ನಡ ಮೇಡಂ, "ಜಿಎಸ್‌ಟಿ ಬಗ್ಗೆ ಬರೆಯಬಾರದೇನಮ್ಮಾ?" ಎಂದು ಕೇಳಿದರು. ಸೈನ್ಸ್ ಸೆಕ್ಷನ್‌ನವರಂತೂ ನಕ್ಕೇಬಿಟ್ಟರು. ಜಿಎಸ್‌ಟಿ ಬಗ್ಗೆ ಬರೆಯಲು ನಮ್ಮ ತರಗತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕಾಗಿರುವುದು ಒಂದು ಕ್ಯಾಲ್ಕುಲೇಟರ್ ಬಗ್ಗೆ. ಅದಕ್ಕೂ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ ಎಂದು ಡಿಸೆಂಬರ್ ತನಕ ನನಗೂ ಗೊತ್ತಿರಲಿಲ್ಲ. ನಮ್ಮ ಮನೆಮಾತು ಉರ್ದು. ಬರವಣಿಗೆಯ ತಪ್ಪುಗಳನ್ನು ಮೇಡಂ ತಿದ್ದಿದ್ದಾರೆ. ಇಲ್ಲಿ ಹೇಳಿರುವ ಇನ್ನೊಂದು ತಪ್ಪನ್ನು ಅವರು ತಿದ್ದಲು ಆಗುವುದಿಲ್ಲ.

ದಸರಾ ರಜೆ ಮುಗಿದು ಕಾಲೇಜು ಶುರುವಾದ ವಾರ ಅದು. ಸ್ಟ್ಯಾಟಿಸ್ಟಿಕ್ಸ್ ಪೀರಿಯಡ್‌ನಲ್ಲಿ ಬ್ಯಾಗ್ ತೆಗೆದು ನೋಡಿದರೆ ನನ್ನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇಲ್ಲ. ಪುಸ್ತಕಗಳನ್ನೆಲ್ಲ ಡೆಸ್ಕ್ ಮೇಲೆ ಸುರಿದೆ, ಇಲ್ಲ. ಫಸ್ಟ್ ಪಿಯುಸಿ ಸೇರಿದಾಗ ಅಬ್ಬಾ ಕೊಡಿಸಿದ್ದು ಅದು. ಅಂಗಡಿಯವನು ಬೆಲೆ ಹೇಳಿದ ಮೇಲೆ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಜೇಬಿಗೆ ಕೈ ಹಾಕಿದ್ದು ನನಗೆ ಈಗಲೂ ನೆನಪಿದೆ. ತಲೆಯೆತ್ತಿದರೆ ಮುಂದಿನ ಬೆಂಚಿನಲ್ಲಿ ಅವಳ ಡೆಸ್ಕ್ ಮೇಲೆ ಅಂಥದ್ದೇ ಒಂದು ಕ್ಯಾಲ್ಕುಲೇಟರ್. ಅದೇ ಕಂಪನಿ, ಅದೇ ಮಾಡೆಲ್. ಮೇಲಿನ ಕವರ್ ಇಲ್ಲ. 'ಈಕ್ವಲ್ ಟು' ಕೀ ಪಕ್ಕದಲ್ಲಿ ಸಣ್ಣ ಗೀರು. ನನ್ನದರಲ್ಲೂ ಅದೇ ಜಾಗದಲ್ಲಿ ಗೀರಿತ್ತು ಎಂದು ಆ ಕ್ಷಣಕ್ಕೆ ನನಗೆ ಖಾತ್ರಿಯಾಗಿ ಅನಿಸಿತು. ಅದಕ್ಕಿಂತ ಮುಖ್ಯವಾಗಿ, ರಜೆಗೆ ಮುಂಚೆ ಅವಳ ಹತ್ತಿರ ಕ್ಯಾಲ್ಕುಲೇಟರ್ ಇರಲೇ ಇಲ್ಲ. ನನ್ನದನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದಳು.

"ಇದು ನನ್ನದು" ಎಂದೆ. ಮೆಲ್ಲಗೆ ಹೇಳಲಿಲ್ಲ.

"ನಮ್ಮ ಅತ್ತೆ ಮಗಂದು ಕಣೇ. ಡಿಪ್ಲೊಮಾ ಮುಗೀತು ಅಂತ ನಂಗೆ ಕೊಟ್ಟ" ಎಂದಳು.

"ಬಿಲ್ ಇದೆಯಾ?"

ವೋಚರ್ ಇಲ್ಲದ ಎಂಟ್ರಿಯನ್ನು ಒಪ್ಪಬಾರದು ಎಂದು ಕಲಿತವಳಲ್ಲವೇ ನಾನು! ನನ್ನ ಹತ್ತಿರವೂ ಬಿಲ್ ಇರಲಿಲ್ಲ. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಇಡೀ ತರಗತಿ ಅವಳನ್ನೇ ನೋಡುತ್ತಿತ್ತು. ಅವಳು ಕ್ಯಾಲ್ಕುಲೇಟರನ್ನು ನನ್ನ ಡೆಸ್ಕಿಗೆ ಸರಿಸಿ ಮುಂದಕ್ಕೆ ತಿರುಗಿ ಕುಳಿತಳು. ನಾನು ದುಪಟ್ಟಾದ ಅಂಚಿನಿಂದ ಅದನ್ನು ಚೆನ್ನಾಗಿ ಒರೆಸಿ ಲೆಕ್ಕ ಶುರು ಮಾಡಿದೆ.

ಅದನ್ನು 16 ದಿನ ಉಪಯೋಗಿಸಿದೆ. ಹದಿನೇಳನೇ ದಿನ ಅಮ್ಮಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಲು ಅದನ್ನು ಗೋಡೆಯಿಂದ ಈಚೆಗೆ ಎಳೆದರು. ಹಿಂದೆ ನನ್ನ ಕ್ಯಾಲ್ಕುಲೇಟರ್ ಬಿದ್ದಿತ್ತು. ಕವರ್ ಇತ್ತು, ಕವರ್ ಒಳಗೆ ನಾನೇ ಬರೆದ ರೋಲ್ ನಂಬರ್ ಇತ್ತು. ಗೀರು ಮಾತ್ರ ಎಲ್ಲೂ ಇರಲಿಲ್ಲ. ರಜೆಯಲ್ಲಿ ನನ್ನ ತಮ್ಮ ಅಂಗಡಿ ಆಟ ಆಡಲು ತೆಗೆದುಕೊಂಡಿದ್ದನಂತೆ.

ಮಾರನೇ ದಿನ ಕಾರಿಡಾರ್‌ನಲ್ಲಿ ಅವಳನ್ನು ಒಬ್ಬಳನ್ನೇ ನಿಲ್ಲಿಸಿ ಕ್ಯಾಲ್ಕುಲೇಟರ್ ಕೊಟ್ಟು ಸಾರಿ ಹೇಳಿದೆ. ಅವಳು ತೆಗೆದುಕೊಂಡಳು. "ಕ್ಲಾಸಲ್ಲಿ ಕಿತ್ಕೊಂಡೆ, ಕಾರಿಡಾರ್‌ನಲ್ಲಿ ಕೊಡ್ತಿದೀಯಾ?" ಎಂದಳು. ಅಷ್ಟರಲ್ಲಿ ಬೆಲ್ ಆಯಿತು. ಬೆಲ್ ಆಗಿದ್ದಕ್ಕೆ ನನಗೆ ಸಮಾಧಾನವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಇನ್ನು ಬ್ಯಾಕ್ಟೀರಿಯಾಕ್ಕೆ ಬರುತ್ತೇನೆ. ಡಿಸೆಂಬರ್‌ನಲ್ಲಿ ಒಂದು ದಿನ ಅಕೌಂಟೆನ್ಸಿ ಸರ್ ರಜೆಯಲ್ಲಿದ್ದರು. ನಮ್ಮ ಗಲಾಟೆ ತಡೆಯಲು ಬಯಾಲಜಿ ಸರ್ ಬಂದರು. ನಮಗೆ ಏನು ಪಾಠ ಮಾಡಬೇಕೆಂದು ಅವರಿಗೂ ತೋಚಲಿಲ್ಲವೇನೋ, "ಎಲ್ಲರೂ ನಿಮ್ಮ ಅಂಗೈ ನೋಡ್ಕೊಳ್ಳಿ" ಎಂದರು. ಹಸ್ತಸಾಮುದ್ರಿಕ ಹೇಳುತ್ತಾರೆ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರ್ ಹೇಳಿದ್ದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಒಂದು ಅಧ್ಯಯನದ ವಿಷಯ. ಪರೀಕ್ಷೆ ಬರೆದು ಹೊರಗೆ ಬಂದ 51 ವಿದ್ಯಾರ್ಥಿಗಳ 102 ಅಂಗೈಗಳಿಂದ ಹತ್ತಿಯಲ್ಲಿ ಒರೆಸಿ ಮಾದರಿ ತೆಗೆದರಂತೆ. ನೋವಾ ಫಿಯರರ್, ರಾಬ್ ನೈಟ್ ಮೊದಲಾದವರು ಮಾಡಿದ ಆ ಕೆಲಸ 2008ರಲ್ಲಿ ಪ್ರಕಟವಾಯಿತು. ಎಲ್ಲ ಕೈಗಳನ್ನೂ ಸೇರಿಸಿದರೆ 4,700ಕ್ಕಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಸಿಕ್ಕಿತು. ಒಂದು ಅಂಗೈ ಮೇಲೆ ಸರಾಸರಿ 150ಕ್ಕೂ ಹೆಚ್ಚು ಬಗೆ. ಎಲ್ಲ 102 ಕೈಗಳಲ್ಲೂ ಇದ್ದದ್ದು ಐದೇ ಐದು. ಒಬ್ಬರ ಕೈಗೂ ಇನ್ನೊಬ್ಬರ ಕೈಗೂ ಸಮಾನವಾಗಿದ್ದ ಬಗೆಗಳು ಶೇಕಡ 13 ಮಾತ್ರ. ಅಷ್ಟೇಕೆ, ಒಬ್ಬರದೇ ಎಡಗೈ ಬಲಗೈಗಳ ನಡುವೆ ಸಮಾನವಾಗಿದ್ದದ್ದೂ ಶೇಕಡ 17 ಅಷ್ಟೇ. ಹುಡುಗಿಯರ ಕೈಯಲ್ಲಿ ಹುಡುಗರ ಕೈಗಿಂತ ಹೆಚ್ಚು ಬಗೆ ಇತ್ತು ಎಂದಾಗ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಇದು ಕೊಳಕಿನ ಲೆಕ್ಕ ಅಲ್ಲ, ಆರೋಗ್ಯವಂತ ಚರ್ಮದಲ್ಲಿ ಸಹಜವಾಗಿ ವಾಸಿಸುವ ಜೀವಿಗಳ ಲೆಕ್ಕ ಎಂದು ಸರ್ ಅವರನ್ನು ಸುಮ್ಮನಿರಿಸಿದರು.

ಆಮೇಲೆ ಅವರು ಹೇಳಿದ್ದು ಕೇಳಿ ನಾನು ನೆಟ್ಟಗೆ ಕುಳಿತೆ. ಅದೇ ತಂಡದವರು 2010ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಮೂವರ ಕಂಪ್ಯೂಟರ್ ಕೀಬೋರ್ಡ್‌ಗಳ ಒಂದೊಂದು ಕೀಯಿಂದಲೂ ಬ್ಯಾಕ್ಟೀರಿಯಾ ತೆಗೆದು ಆ ಮೂವರ ಬೆರಳ ತುದಿಯ ಬ್ಯಾಕ್ಟೀರಿಯಾ ಜೊತೆ ಹೋಲಿಸಿದರು. ಯಾರ ಕೀಬೋರ್ಡ್ ಯಾವುದು ಎಂದು ಬೇರ್ಪಡಿಸಲು ಆಯಿತು. ಆಮೇಲೆ ಒಂಬತ್ತು ಜನರ ಕಂಪ್ಯೂಟರ್ ಮೌಸ್ ತೆಗೆದುಕೊಂಡರು. 12 ಗಂಟೆಗಿಂತ ಹೆಚ್ಚು ಹೊತ್ತು ಯಾರೂ ಮುಟ್ಟದಿದ್ದ ಮೌಸ್‌ಗಳು. ಅವುಗಳ ಮೇಲಿನ ಬ್ಯಾಕ್ಟೀರಿಯಾವನ್ನು ಅವುಗಳ ಮಾಲೀಕರ ಕೈಗೂ, ಆ ಮೌಸ್‌ಗಳನ್ನು ಎಂದೂ ಮುಟ್ಟದ 270 ಬೇರೆ ಕೈಗಳಿಗೂ ಹೋಲಿಸಿ ನೋಡಿದರು. ಒಂಬತ್ತಕ್ಕೆ ಒಂಬತ್ತೂ ಮಾಲೀಕರ ಕೈಗೇ ಹೆಚ್ಚು ಹತ್ತಿರವಾಗಿದ್ದವು.

ಕೀಗಳು! ನನ್ನ ಕಣ್ಣು ಮುಂದಿನ ಬೆಂಚಿಗೆ ಹೋಯಿತು. ಅವಳು ಬೋರ್ಡ್ ಕಡೆಯೇ ನೋಡುತ್ತಿದ್ದಳು.

ಮಾರನೇ ದಿನ ಊಟದ ಬಿಡುವಿನಲ್ಲಿ ಬಯಾಲಜಿ ಲ್ಯಾಬಿಗೆ ಹೋದೆ. ಕಾಮರ್ಸ್ ಹುಡುಗಿ ಬಂದಳೆಂದು ಅಟೆಂಡರ್ ಅಂಕಲ್‌ಗೆ ಆಶ್ಚರ್ಯ. ಸರ್ ಕುರ್ಚಿ ತೋರಿಸಿದರು. "ಸರ್, ಕ್ಯಾಲ್ಕುಲೇಟರ್ ಕೀ ಮೇಲೆ ಬೆರಳಚ್ಚು ಸಿಗಲ್ವಾ? ಬ್ಯಾಕ್ಟೀರಿಯಾ ಯಾಕೆ ಬೇಕು?" ಎಂದು ಕೇಳಿದೆ. ಅವರು ತಮ್ಮ ಮೊಬೈಲನ್ನೇ ಮುಂದಿಟ್ಟು ವಿವರಿಸಿದರು. ಬೆರಳಚ್ಚು ಓದಬೇಕಾದರೆ ಗೆರೆಗಳು ಸ್ಪಷ್ಟವಾಗಿ ಬೀಳಬೇಕು. ಸಣ್ಣ ಕೀ ಮೇಲೆ ದಿನಕ್ಕೆ ನೂರು ಸಲ ಒತ್ತಿದರೆ ಗೆರೆ ಮೇಲೆ ಗೆರೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಬಟ್ಟೆಯ ಮೇಲಂತೂ ಗೆರೆ ಸರಿಯಾಗಿ ನಿಲ್ಲುವುದೇ ಇಲ್ಲ. ಮನುಷ್ಯನ ಡಿಎನ್‌ಎ ಬೇಕಾದರೆ ರಕ್ತ, ಎಂಜಲು, ಬುಡ ಸಹಿತ ಕೂದಲು ಇಂಥದ್ದು ಸಿಕ್ಕರೆ ಸುಲಭ. ಬರೀ ಮುಟ್ಟಿದ ಜಾಗದಲ್ಲಿ ನಮ್ಮ ಜೀವಕೋಶ ಬಹಳ ಕಡಿಮೆ. ಆದರೆ ಬ್ಯಾಕ್ಟೀರಿಯಾ ಧಾರಾಳವಾಗಿರುತ್ತದೆ. ಗೆರೆ ಕಲಸಿದರೂ ಅವು ಅಲ್ಲೇ ಇರುತ್ತವೆ. ಇನ್ನೊಂದು ಸಂಗತಿ ನನಗೆ ತುಂಬ ಇಷ್ಟವಾಯಿತು. ತದ್ರೂಪಿ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಅವರ ಚರ್ಮದ ಬ್ಯಾಕ್ಟೀರಿಯಾ ಹಾಗಲ್ಲ, ಬೇರೆ ಬೇರೆ ಇರಬಹುದು.

ಪರೀಕ್ಷೆ ಮಾಡುವುದು ಹೇಗೆ ಎಂದೂ ಕೇಳಿದೆ. ಒದ್ದೆ ಮಾಡಿದ ಹತ್ತಿಕಡ್ಡಿಯಿಂದ ಕೀ ಒರೆಸುತ್ತಾರೆ. ಅದರಿಂದ ಡಿಎನ್‌ಎ ಬೇರ್ಪಡಿಸುತ್ತಾರೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಆದರೆ ಬಗೆಯಿಂದ ಬಗೆಗೆ ಸ್ವಲ್ಪ ಸ್ವಲ್ಪ ಬೇರೆಯಾಗಿರುವ ಒಂದು ಜೀನ್ ಇದೆ. ಅದರ ಪ್ರತಿಗಳನ್ನು ಹೆಚ್ಚಿಸಿ, ಅಕ್ಷರಗಳನ್ನು ಓದಿ, ಯಾವ ಬಗೆ ಎಷ್ಟಿದೆ ಎಂದು ಪಟ್ಟಿ ಮಾಡುತ್ತಾರೆ. ಕೀಯ ಪಟ್ಟಿಯನ್ನೂ ಕೈಯ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ಎಷ್ಟು ಹತ್ತಿರ ಎಂದು ಲೆಕ್ಕ ಹಾಕುತ್ತಾರೆ. ಕೇಳುತ್ತಾ ಕೇಳುತ್ತಾ ಇದು ನಮ್ಮ ಬ್ಯಾಂಕ್ ರಿಕನ್ಸಿಲಿಯೇಶನ್ ಇದ್ದ ಹಾಗಿದೆಯಲ್ಲ ಎನಿಸಿತು. ಪಾಸ್‌ಬುಕ್ ಒಂದು ಕಡೆ, ಕ್ಯಾಶ್‌ಬುಕ್ ಒಂದು ಕಡೆ.

"ಕೈ ತೊಳೆದರೆ?" ಎಂದೆ. ನಮ್ಮ ಮನೆಯಲ್ಲಿ ದಿನಕ್ಕೆ ಐದು ಸಲ ವುಝೂ ಮಾಡುವವರೇ ಎಲ್ಲರೂ. ಪ್ರತಿ ಸಲವೂ ಗುರುತು ಅಳಿಸಿಹೋಗಬೇಕಲ್ಲ? ಹಾಗಾಗುವುದಿಲ್ಲವಂತೆ. ಕೈ ತೊಳೆದು ಎಷ್ಟು ಹೊತ್ತಾಗಿದೆ ಎಂಬುದರ ಮೇಲೆ ಕೆಲವು ಬಗೆಗಳ ಪ್ರಮಾಣ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಒಟ್ಟು ವೈವಿಧ್ಯ ತೊಳೆದುಹೋಗುವುದಿಲ್ಲ ಎಂದು 2008ರ ಆ ಅಧ್ಯಯನದಲ್ಲೇ ಕಂಡಿತ್ತು. ಇದನ್ನು ರಾತ್ರಿ ದಾದಿಗೆ ಹೇಳಿದೆ. ಅವರು ತಸ್ಬೀಹ್ ನಿಲ್ಲಿಸದೆ, "ಹಾತಾಂ ಬೋಲ್ತೇ, ಬೇಟೀ" ಎಂದರು. ಕೈಗಳು ಮಾತಾಡುತ್ತವೆ ಮಗಳೇ ಎಂದು. ಕಿಯಾಮತ್ ದಿನ ಮನುಷ್ಯನ ಕೈಕಾಲು, ಚರ್ಮ ಸಾಕ್ಷಿ ಹೇಳುತ್ತವೆ ಎಂದು ಚಿಕ್ಕಂದಿನಿಂದ ಅವರ ಬಾಯಲ್ಲೇ ಕೇಳಿದ್ದೇನೆ. ವಿಜ್ಞಾನದ ಪ್ರತಿಯೊಂದು ಸುದ್ದಿಯನ್ನೂ ತಂದು ದೀನಿಗೆ ಪುರಾವೆ ಎಂದು ವಾಟ್ಸಾಪ್‌ನಲ್ಲಿ ಕಳಿಸುವವರ ಸಾಲಿಗೆ ಸೇರಲು ನನಗೆ ಇಷ್ಟವಿಲ್ಲ. ಪ್ರಯೋಗಾಲಯದ ಮಾತು ನಾಳೆ ಬದಲಾಗಬಹುದು. ದಾದಿಯ ನಂಬಿಕೆಗೆ ಅದರ ಆಸರೆ ಬೇಕಾಗಿಯೂ ಇಲ್ಲ. ಆದರೆ ಆ ರಾತ್ರಿ ಅವರ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ ಎಂಬುದು ನಿಜ. ಯಾಕೆಂದರೆ ಲ್ಯಾಬಿನಲ್ಲಿ ನಾನು ಸರ್ ಹತ್ತಿರ ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿ ಬಂದಿದ್ದೆ.

"ಸರ್, ಒಬ್ಬರ ವಸ್ತುವನ್ನು ಇನ್ನೊಬ್ಬರು ತಗೊಂಡು, ಒರೆಸಿ, 16 ದಿನ ಉಪಯೋಗಿಸಿದರೆ?"

"ಎರಡನೆಯವರದ್ದೇ ಜಾಸ್ತಿ ಸಿಗುತ್ತೆ. ಮೊದಲಿನವರದ್ದು ಮುಚ್ಚಿಹೋಗಿರುತ್ತೆ."

"ಆಗ ಲ್ಯಾಬ್‌ನವರು ಅದು ಎರಡನೆಯವರದ್ದು ಅಂತಾರಾ?"

"ಲ್ಯಾಬ್‌ನವರು ಯಾರದ್ದು ಅಂತ ಹೇಳಲ್ಲಮ್ಮಾ. ಯಾರು ಮುಟ್ಟಿರಬಹುದು ಅಂತ ಹೇಳ್ತಾರೆ. ಯಾರದ್ದು ಅನ್ನೋದು ಬೇರೆ ಪ್ರಶ್ನೆ."

ನಾನು ಥ್ಯಾಂಕ್ಯೂ ಹೇಳಿ ಎದ್ದು ಬಂದೆ. ಊಟದ ಡಬ್ಬಿ ಹಾಗೇ ಉಳಿಯಿತು.

ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಇಂಥ ಪರೀಕ್ಷೆ ನಮ್ಮ ಊರಲ್ಲಿ ಇದ್ದಿದ್ದರೆ ಅಂದೇ ಸತ್ಯ ಗೊತ್ತಾಗುತ್ತಿತ್ತು, ನಾನು ತಪ್ಪು ಮಾಡುತ್ತಿರಲಿಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ. ತಪ್ಪನ್ನು ನನ್ನ ಮೇಲಿಂದ ತೆಗೆದು ಸೌಲಭ್ಯದ ಕೊರತೆಯ ಖಾತೆಗೆ ಹಾಕಿದ ಹಾಗೆ. ಈಗ ನೋಡಿದರೆ, ಹದಿನೇಳನೇ ದಿನ ಆ ಕ್ಯಾಲ್ಕುಲೇಟರನ್ನು ಯಾವ ದೊಡ್ಡ ಲ್ಯಾಬಿಗೆ ಕಳಿಸಿದ್ದರೂ ಅದರ ಕೀಗಳು ನನ್ನ ಕೈಗೇ ಹೆಚ್ಚು ಹೊಂದುತ್ತಿದ್ದವು. ದುಪಟ್ಟಾದಲ್ಲಿ ಒರೆಸಿ ಅವಳ ಗುರುತನ್ನು ಅಳಿಸಲು ಶುರು ಮಾಡಿದವಳು ನಾನು. ದಿನಾ ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕ ಮಾಡುತ್ತಾ ನನ್ನ ಗುರುತನ್ನು ಒತ್ತಿ ಒತ್ತಿ ಕೂರಿಸಿದವಳೂ ನಾನು. ವರದಿ ನನ್ನ ಪರವಾಗಿ ಬರುತ್ತಿತ್ತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರುತ್ತಿರಲಿಲ್ಲ. ಅವಳು ಸುಳ್ಳುಗಾತಿ ಎಂದು ಎಲ್ಲರೂ ಒಪ್ಪುತ್ತಿದ್ದರು.

ಆಮೇಲೆ ನಾನು ಈ ವಿಷಯವನ್ನು ಬಿಡಲಿಲ್ಲ. ಲೈಬ್ರರಿಯ ಕಂಪ್ಯೂಟರ್‌ನಲ್ಲಿ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದೆ. ಮುಖ್ಯವಾಗಿ ನನಗೆ ಬೇಕಾಗಿದ್ದದ್ದು, ಒಬ್ಬರ ಗುರುತಿನ ಮೇಲೆ ಇನ್ನೊಬ್ಬರ ಗುರುತು ಎಷ್ಟು ಬೇಗ ಕೂರುತ್ತದೆ ಎಂಬುದು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಏಳು ಕುಟುಂಬಗಳನ್ನು ಆರು ವಾರ ಗಮನಿಸಿದ್ದಾರೆ. 18 ಜನ, ಮೂರು ನಾಯಿ, ಒಂದು ಬೆಕ್ಕು. ಮನೆಯವರು ತಮ್ಮ ಕೈ, ಕಾಲು, ಮೂಗಿನಿಂದ ಹಿಡಿದು ಬಾಗಿಲ ಹಿಡಿ, ಲೈಟ್ ಸ್ವಿಚ್, ಅಡುಗೆಮನೆ ಕಟ್ಟೆಯವರೆಗೆ ಮಾದರಿ ತೆಗೆದು ಕೊಟ್ಟರು. ಒಂದು ಕುಟುಂಬ ಹೋಟೆಲ್ ರೂಮಿನಿಂದ ಹೊಸ ಮನೆಗೆ ಬಂತು. ಒಂದೇ ದಿನದಲ್ಲಿ ಆ ಮನೆ, ಬ್ಯಾಕ್ಟೀರಿಯಾ ಲೆಕ್ಕದಲ್ಲಿ, ಅವರ ಹಳೆಯ ರೂಮಿನಂತೆಯೇ ಆಗಿತ್ತು. ಮನೆಯವರಲ್ಲಿ ಒಬ್ಬರು ಕೆಲವು ದಿನ ಊರಿಗೆ ಹೋದರೆ ಸಾಕು, ಮನೆಯಲ್ಲಿ ಅವರ ಪಾಲು ಬೇಗ ಕಡಿಮೆಯಾಗುತ್ತದೆ. ಒಂದು ದಿನದಲ್ಲಿ ಒಂದು ಮನೆಯೇ ಬದಲಾಗುವುದಾದರೆ 16 ದಿನದಲ್ಲಿ ಒಂದು ಕ್ಯಾಲ್ಕುಲೇಟರ್ ಯಾವ ಲೆಕ್ಕ?

ಒಟ್ಟಿಗೆ ಇರುವವರ ಚರ್ಮದ ಬ್ಯಾಕ್ಟೀರಿಯಾ ಒಂದಕ್ಕೊಂದು ಹೋಲುತ್ತದೆ ಎಂಬುದೂ ಆ ಅಧ್ಯಯನದಲ್ಲಿದೆ. ನಮ್ಮ ಮನೆಯಲ್ಲಿ ಆರು ಜನ ಒಂದೇ ದಸ್ತರ್‌ಖಾನ್ ಸುತ್ತ ಕುಳಿತು ಉಣ್ಣುತ್ತೇವೆ. ನಾನೂ ತಮ್ಮನೂ ಒಂದೇ ತಟ್ಟೆಗೆ ಕೈ ಹಾಕಿ ಜಗಳವಾಡುತ್ತೇವೆ. ಅವನ ಕೈಯ ಪಟ್ಟಿ ನನ್ನದಕ್ಕೆ ಹತ್ತಿರವೇ ಇರಬೇಕು. ಹೊಲಿಗೆ ಯಂತ್ರದ ಹಿಂದೆ ಸಿಕ್ಕಿದ ಕ್ಯಾಲ್ಕುಲೇಟರ್ ಕೊನೆಗೆ ಮುಟ್ಟಿದವನು ಅವನು, ನಾನಲ್ಲ ಎಂದು ಬೇರ್ಪಡಿಸುವುದು ಎಷ್ಟು ಕಷ್ಟವೋ!

ಸ್ಟ್ಯಾಟಿಸ್ಟಿಕ್ಸ್ ಓದುವವಳಾಗಿ ನನಗೆ ಇನ್ನೊಂದು ಗುಮಾನಿಯೂ ಇದೆ. ಮೂರು ಕೀಬೋರ್ಡ್, ಒಂಬತ್ತು ಮೌಸ್, 270 ಕೈ ಎಂದರೆ ಸ್ಯಾಂಪಲ್ ಬಹಳ ಚಿಕ್ಕದು. 270ರಲ್ಲಿ ಹತ್ತಿರದವರು ನೀವು ಎಂದರೆ, ಲಕ್ಷಗಟ್ಟಲೆ ಜನರಿರುವ ಊರಿನಲ್ಲೂ ನೀವೇ ಎಂದು ಅರ್ಥವಲ್ಲ. ಆಗ ಸಂಶೋಧಕರೇ ಈ ವಿಧಾನದ ನಿಖರತೆ ಶೇಕಡ 70ರಿಂದ 90 ಎಂದು ಹೇಳಿದ್ದರು. ಮುಂದೆ ತಂತ್ರಜ್ಞಾನ ಬೆಳೆದಂತೆ ಹೆಚ್ಚುತ್ತದೆ ಎಂಬ ನಿರೀಕ್ಷೆ ಅವರದು. ಪರೀಕ್ಷೆಯಲ್ಲಿ ಶೇಕಡ 90 ಬಂದರೆ ಅಮ್ಮಿ ಮಿಠಾಯಿ ಹಂಚುತ್ತಾರೆ. ಆದರೆ ಹತ್ತರಲ್ಲಿ ಒಬ್ಬರ ಮೇಲೆ ತಪ್ಪಾಗಿ ಕಳ್ಳತನದ ಮಾತು ಬಂದರೆ, ಆ ಒಬ್ಬರು ನಮ್ಮ ಮುಂದಿನ ಬೆಂಚಿನಲ್ಲಿ ಕುಳಿತಿದ್ದರೆ? ಬೆರಳಚ್ಚಿನಂತೆ ಇದು ಇನ್ನೂ ಕೋರ್ಟುಗಳಲ್ಲಿ ಬೇರುಬಿಟ್ಟ ಸಾಕ್ಷ್ಯವಲ್ಲ. ಬೆರಳಚ್ಚಿಗೂ ಹಾಗೆ ಬೇರುಬಿಡಲು ಸಮಯ ಹಿಡಿದಿತ್ತು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ಆದಾಗ, ಸಾವಿರಾರು ಅಚ್ಚುಗಳನ್ನು ಬೇಕೆಂದಾಗ ಹುಡುಕಿ ತೆಗೆಯುವುದೇ ದೊಡ್ಡ ಸಮಸ್ಯೆಯಾಗಿತ್ತು. ಅವುಗಳನ್ನು 1,024 ಗೂಡುಗಳಲ್ಲಿ ವಿಂಗಡಿಸುವ ಗಣಿತ ಕಟ್ಟಿಕೊಟ್ಟವರು ಅಜೀಜುಲ್ ಹಕ್ ಎಂಬ ಸಬ್ ಇನ್ಸ್‌ಪೆಕ್ಟರ್. ಅವರ ಜೊತೆ ಹೇಮಚಂದ್ರ ಬೋಸ್ ಇದ್ದರು. ಪದ್ಧತಿಗೆ ಹೆಸರು ಮಾತ್ರ ಮೇಲಧಿಕಾರಿ ಹೆನ್ರಿ ಅವರದು. ನಮ್ಮ ಲೈಬ್ರರಿಯ ಗೋಡೆಗೆ ಇನ್ನೊಂದು ಫೋಟೊ ಹಾಕಲು ಜಾಗವಿದ್ದರೆ ನನ್ನ ಸಲಹೆ ಹಕ್ ಅವರದು.

ಈಗ ಮತ್ತೆ ಅವಳ ವಿಷಯ. ಜನವರಿಯ ಮೊದಲ ವಾರ ಬಸ್ ಸ್ಟಾಪಿನಲ್ಲಿ ಅವಳ ಪಕ್ಕ ಹೋಗಿ ನಿಂತೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಕೊಲೊರಾಡೊದಿಂದಲೇ ಶುರು ಮಾಡಿದೆ. ಕೀಬೋರ್ಡ್, ಮೌಸ್, ಹೋಟೆಲ್ ರೂಮು ಎಲ್ಲ ಹೇಳಿದೆ. ಕೊನೆಗೆ, "ಲ್ಯಾಬಿಗೆ ಕಳಿಸಿದ್ರೂ ನಾನೇ ಗೆಲ್ತಿದ್ದೆ, ಗೊತ್ತಾ?" ಎಂದೆ. ಅವಳು ರಸ್ತೆಯನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಆ ಹದಿನಾರು ದಿನದಲ್ಲಿ ಸ್ಟ್ಯಾಟ್ಸ್ ಟೆಸ್ಟ್ ಇತ್ತಲ್ಲ" ಎಂದಳು. "ಸ್ಕ್ವೇರ್ ರೂಟೆಲ್ಲ ಕೈಯಲ್ಲೇ ಮಾಡಿದೆ. ಎರಡು ಲೆಕ್ಕ ಬಿಟ್ಟುಹೋಯ್ತು."

ಅದು ನನಗೆ ಹೊಳೆದೇ ಇರಲಿಲ್ಲ. ಆ ಟೆಸ್ಟಿನಲ್ಲಿ ನನಗೆ ಒಳ್ಳೆಯ ಮಾರ್ಕ್ಸ್ ಬಂದಿತ್ತು.

"ಅತ್ತೆ ಮಗನಿಗೆ ಏನು ಹೇಳಿದೆ?"

"ಕಳೆದುಹೋಯ್ತು ಅಂದೆ. ಬೈದ. ಕಿತ್ಕೊಂಡ್ರು ಅಂತ ಹೇಳಕ್ಕಾಗುತ್ತಾ?"

ಬಸ್ ಬಂತು. ಇಬ್ಬರೂ ಹತ್ತಿದೆವು. ಸೀಟು ಒಂದೇ ಇತ್ತು. ಅವಳು ಕುಳಿತು ನನ್ನ ಬ್ಯಾಗ್ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಇದನ್ನೆಲ್ಲ ಕಾಲೇಜಿನ ಪತ್ರಿಕೆಗೆ ಬರೆಯಲಾ ಎಂದು ಕೇಳಿದೆ. ಎರಡು ಸ್ಟಾಪ್ ದಾಟುವವರೆಗೂ ಏನೂ ಹೇಳಲಿಲ್ಲ. ಆಮೇಲೆ, "ಬರಿ. ನನ್ನ ಹೆಸರು ಬೇಡ. ನಿನ್ನದು ಹಾಕು" ಎಂದಳು.

ಹಾಕಿದ್ದೇನೆ. ಸಂಚಿಕೆ ಬಂದ ದಿನ ಇದನ್ನು ಸ್ಟ್ಯಾಟಿಸ್ಟಿಕ್ಸ್ ಪೀರಿಯಡ್‌ನಲ್ಲಿ ಎದ್ದು ನಿಂತು ಓದಲು ಸರ್ ಹತ್ತಿರ ಹತ್ತು ನಿಮಿಷ ಕೇಳಿಕೊಂಡಿದ್ದೇನೆ. ಅವರು ಐದು ನಿಮಿಷ ಕೊಟ್ಟಿದ್ದಾರೆ. ಬ್ಯಾಕ್ಟೀರಿಯಾ ಭಾಗ ಬಿಟ್ಟು ಉಳಿದದ್ದನ್ನು ಓದುತ್ತೇನೆ.